ನಾನು ಸರಿಮಾಡಿದ ತಂಬೂರಿ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ತನ್ನ ಬೇಸ್ ಗಿಟಾರನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಕತ್ತಿನ ತುದಿಯ ತೂತಿಗೆ ಒಂದು ಸೊಟ್ಟ ಕೀಲಿ ತೂರಿಸಿ ತಿರುಗಿಸುತ್ತಿದ್ದಳು. ಕತ್ತಿನೊಳಗೆ ಕಬ್ಬಿಣದ ಸರಳು ಇರುತ್ತದಂತೆ. ಅದನ್ನು ಬಿಗಿದು ಸಡಿಲಿಸಿ ಬಾಗಿದ ಕತ್ತನ್ನು ಹದಕ್ಕೆ ತರಬಹುದಂತೆ. ತಂತಿ ಮೇಲೆದ್ದರೆ ಬೆರಳು ನೋಯುತ್ತವೆ, ಕೆಳಗಿಳಿದರೆ ಕರಕರ ಎನ್ನುತ್ತದೆ. "ಅಜ್ಜಾ, ನೀ ಹಿಂದಕ ಇಂಥಾವು ರಿಪೇರಿ ಮಾಡ್ತಿದ್ದೆಂತಲ್ಲ, ಸ್ವಲ್ಪ ನೋಡು" ಎಂದು ಕೀಲಿಯನ್ನು ನನ್ನ ಕಡೆ ಚಾಚಿದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಯಾಕೆಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಏಕೀಕರಣದ ವರ್ಷ ನಾನು ಗದಗಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗುಮಾಸ್ತ. ಇಪ್ಪತ್ತನಾಲ್ಕರ ಹರೆಯ, ಮದುವೆಯಾಗಿ ಆರು ತಿಂಗಳು. ಅದೊಂದು ಗೊಂದಲದ ಕಾಲ ನೋಡಿ. ಶಿರಹಟ್ಟಿ, ಲಕ್ಷ್ಮೇಶ್ವರಗಳು ಮೊದಲು ಸಂಸ್ಥಾನಿಕರ ಕೈಯಲ್ಲಿದ್ದವು, ಆಮೇಲೆ ಮುಂಬಯಿಗೆ ಸೇರಿದವು, ಈಗ ಮೈಸೂರಿಗೆ ಎನ್ನುತ್ತಿದ್ದರು. ಒಂದೇ ಊರಿಗೆ ಮೂರು ಬಗೆಯ ವಿಳಾಸ ಬರೆದ ಕಾಗದಗಳು ಬರುತ್ತಿದ್ದವು. ಶಿರಹಟ್ಟಿಯ ಕಟ್ಟನ್ನು ಮುಂಡರಗಿಯ ಚೀಲಕ್ಕೆ ಹಾಕಿ ನಾನು ಬೈಸಿಕೊಂಡದ್ದು ಒಂದು ಸಲವಲ್ಲ.

ಆದರೆ ಕೈಕೆಲಸದ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ. ಬೆಟಗೇರಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ವಾದ್ಯಗಾರರೊಬ್ಬರ ಗಿಟಾರು ಬಿಸಿಲಿಗೆ ಕತ್ತು ಹಿಂದೆ ಬಾಗಿ, ತಂತಿ ತಗಲಿ ಕರಕರ ಎನ್ನುತ್ತಿತ್ತು. ತಂತಿಗಳ ಕೆಳಗಿನ ಎಲುಬಿನ ಪಟ್ಟಿಗೆ ಹಳೆಯ ಪೋಸ್ಟ್‌ಕಾರ್ಡಿನ ಚೂರು ಕೊಟ್ಟು ಎತ್ತರಿಸಿದೆ. ಕರಕರ ನಿಂತಿತು. "ನಿಮ್ಮ ಕೈಯಾಗ ಏನೋ ಐತಿ ನೋಡ್ರಿ" ಎಂದರು ಅವರು. ಆ ಮಾತು ನನ್ನ ತಲೆಗೇರಿತು.

ನನ್ನ ಸೋದರಮಾವ ಶಿರಹಟ್ಟಿಯವರು. ಮನೆತನದಿಂದ ಬಂದ ಗುಡಿಯ ಸೇವೆ, ದಿನಾ ಮುಂಜಾನೆ ದೇವರ ಮುಂದೆ ಹಾಡು. ದೊಡ್ಡ ಸಭೆಯಲ್ಲಿ ಎಂದೂ ಹಾಡಿದವರಲ್ಲ. ಏಕೀಕರಣದ ದಿನ ಗದಗಿನ ಸಭೆಯಲ್ಲಿ ಮೊದಲ ಹಾಡು ಅವರದಾಗಬೇಕೆಂದು ಕರೆಯ ಕಾಗದ ಬಂತು. ಅರವತ್ತು ದಾಟಿದ ಮನುಷ್ಯ, ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿ ಕೇಳಿದರು. ಆ ದಿನ ಬಸ್ಸಿನಲ್ಲಿ ಗದ್ದಲವಿರುತ್ತದೆಂದು ವಾರ ಮೊದಲೇ ತಂಬೂರಿಯನ್ನು ನಮ್ಮ ಮನೆಯಲ್ಲಿ ಇಟ್ಟುಹೋದರು. "ಇದು ನಮ್ಮಪ್ಪಂದು. ಜ್ವಾಕಿ" ಎಂದರು, ಅಷ್ಟೇ.

ಅವರು ಹೋದಮೇಲೆ ಗವಸು ಬಿಚ್ಚಿ ಮೀಟಿದೆ. ಕರಕರ! ಗಿಟಾರಿನದೇ ರೋಗ ಎನಿಸಿತು. ಬುರುಡೆಯ ಮೇಲೆ ತಂತಿಗಳನ್ನು ಹೊತ್ತು ನಿಂತ ಅಗಲವಾದ ಪಟ್ಟಿಗೆ ಕುದುರೆ ಎನ್ನುತ್ತಾರೆ. ತಂತಿಗಳು ಅದರ ಮೈಗೆ ತಾಗುತ್ತಿದ್ದವು. ಸಾಲದ್ದಕ್ಕೆ ಒಂದೊಂದು ತಂತಿಯ ಕೆಳಗೂ ಒಂದೊಂದು ನೂಲೆಳೆ ಸಿಕ್ಕಿಕೊಂಡಿತ್ತು. "ಮಾವಾರ ಕಣ್ಣು ಮಂಜಾಗ್ಯಾವ, ಕಂಡಿಲ್ಲ" ಎಂದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಒಳಗಿನಿಂದಲೇ, "ಅವರನ್ನ ಒಂದ್ ಮಾತು ಕೇಳಿ ಮುಟ್ಟರಿ" ಎಂದಳು.

"ಅವರಿಗೆ ಖುಷಿ ಆಗ್ಲಿ ಅಂತನ ಮಾಡಾಕತ್ತೇನಿ."

ನೂಲುಗಳನ್ನು ಕಿತ್ತು ಒಗೆದೆ. ತಂತಿ ಒಂದೇ ಅಂಚಿನ ಮೇಲೆ ನಿಲ್ಲುವಂತೆ ಕುದುರೆಯ ಬೆನ್ನನ್ನು ಅರದಿಂದ ಇಳಿಜಾರಾಗಿ ಉಜ್ಜಿದೆ. ಎರಡು ಸಂಜೆಯ ಕೆಲಸ. ಆಮೇಲೆ ಮೀಟಿದರೆ ಠಣ್ ಎಂದು ಸ್ವಚ್ಛ ಸಪ್ಪಳ. ಹೆಂಡತಿಗೆ ಕೇಳಿಸಿದೆ. "ಹೂಂ" ಎಂದಳು.

ಸಭೆಯ ದಿನ ಮುಂಜಾನೆ ಮೊದಲ ಬಸ್ಸಿಗೇ ಮಾವ ಬಂದರು. ಒಗೆದ ದೋತರ, ಹೊಸ ರುಮಾಲು. ಚಹಾ ಮುಟ್ಟುವ ಮೊದಲೇ ತಂಬೂರಿ ಎತ್ತಿಕೊಂಡು ಮೀಟಿದರು. ಮತ್ತೊಮ್ಮೆ ಮೀಟಿ ಬುರುಡೆಗೆ ಕಿವಿ ಹಚ್ಚಿದರು.

"ಏನ್ ಮಾಡೀಯಲೇ?"

"ಕರಕರ ಅಂತಿತ್ರಿ ಮಾವ. ತಗದೇನ್ರಿ."

"ಎಳಿ ಎಲ್ಲಿ?"

"ಒಗದೇನ್ರಿ."

ಬೈಯಲಿಲ್ಲ. ದೋತರದ ಅಂಚಿನಿಂದ ಒಂದು ಎಳೆ ಕಿತ್ತು ತಂತಿಯ ಕೆಳಗೆ ತೂರಿಸಿ, ಕೂದಲಿನಷ್ಟು ಆಚೆ, ಕೂದಲಿನಷ್ಟು ಈಚೆ ಸರಿಸಿ ಮೀಟಿದರು. ಠಣ್. ಇನ್ನೊಂದು ತಂತಿಗೂ ಹಾಗೆಯೇ. ಠಣ್. ಉಜ್ಜಿದ ಕುದುರೆಯ ಮೇಲೆ ಎಳೆಗೂ ಕೆಲಸವಿರಲಿಲ್ಲ. "ಅದು ಕರಕರ ಅಲ್ಲೋ ತಮ್ಮಾ. ಅದು ಜವಾರಿ. ತಂಬೂರಿ ಜೀವನ ಅದರಾಗ ಇರ್ತೈತಿ" ಎಂದರು. ಜವಾರಿ ಮೆಣಸಿನಕಾಯಿ ಗೊತ್ತಿತ್ತು, ಜವಾರಿ ಹತ್ತಿ ಗೊತ್ತಿತ್ತು. ತಂಬೂರಿಗೂ ಜವಾರಿ ಉಂಟೆಂದು ನನಗೆ ಗೊತ್ತಿರಲಿಲ್ಲ. ಒಂದು ಮಾತು ಕೇಳಿ ಎಂದಿದ್ದವಳು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

"ಬ್ಯಾರೆ ತಂಬೂರಿ ಹುಡುಕಿ ತರತೇನ್ರಿ ಮಾವ."

"ಹೊತ್ತಾತು, ನಡಿ. ನೀನ ಮೀಟು."

ಸಭೆಯಲ್ಲಿ ಅವರ ಹಿಂದೆ ಕುಳಿತು ಮೀಟಿದೆ. ಮಾವ ಹಾಡು ಎತ್ತಿಕೊಂಡರು. ಮೊದಲ ಸಾಲಿನಲ್ಲಿ ದನಿ ಏನನ್ನೋ ತಡವರಿಸಿ ಹುಡುಕಿತು, ಸಿಗದೆ ನಿಂತಿತು. ಇಡೀ ಸಭೆ ನೋಡುತ್ತಿತ್ತು. ಅವರು ಹಿಂದೆ ತಿರುಗದೆಯೇ ಕೈ ಚಾಚಿ ತಂತಿಗಳ ಮೇಲೆ ಅಂಗೈ ಒತ್ತಿದರು. ತಂಬೂರಿ ಸುಮ್ಮನಾಯಿತು. ಆಮೇಲೆ ಬರಿದನಿಯಲ್ಲಿ ಹಾಡಿದರು. ದನಿ ಎರಡು ಕಡೆ ಒಡೆಯಿತು, ಅವರು ನಿಲ್ಲಿಸಲಿಲ್ಲ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡಿಗೋ, ನಾಡು ಒಂದಾಯಿತೆಂದೋ, ಮುದುಕನ ಮೇಲಿನ ಕನಿಕರಕ್ಕೋ, ನನಗೆ ತಿಳಿಯಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಮಾವ ಹೇಳಿದರು: "ಇವತ್ತ ನನ್ನ ದನಿ ನನಗ ಕೇಳಸ್ತು ನೋಡಲೇ."

ಅದು ಬೈಗುಳವೋ ಮೆಚ್ಚಿಗೆಯೋ? ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಂತು. ತಂಬೂರಿ ಮಿರಜಕ್ಕೆ ಹೋಗಿ ಹೊಸ ಕುದುರೆ ಹಾಕಿಸಿಕೊಂಡು ಬಂತು. ಜವಾರಿ ಮೊದಲಿನಂತೆಯೇ ಇತ್ತು. ಆದರೆ ಮಾವ ಮತ್ತೆ ಯಾವ ಸಭೆಗೂ ಹೋಗಲಿಲ್ಲ. ಗುಡಿಯಲ್ಲಿ ಮಾತ್ರ ಕೆಲವು ದಿನ ತಂಬೂರಿಯನ್ನು ಗವಸಿನಲ್ಲೇ ಬಿಟ್ಟು ಬರಿದನಿಯಲ್ಲಿ ಹಾಡುತ್ತಿದ್ದರು ಎಂದು ಅತ್ತೆ ಹೇಳಿದರು. ಇದನ್ನು ಯಾವ ಚೀಲಕ್ಕೆ ಹಾಕಲಿ? ನಾನು ಅವರದೊಂದು ಕಸಿದುಕೊಂಡೆನೋ, ಒಂದು ಕೊಟ್ಟೆನೋ? ಅವರು ಇರುವವರೆಗೂ ಕೇಳುವ ಧೈರ್ಯವಾಗಲಿಲ್ಲ.

"ಯಾಕಜ್ಜಾ, ಮರತಿಯೇನು?" ಎಂದಳು ಮೊಮ್ಮಗಳು.

"ಮೊದಲ ಬಾರಿಸವ್ವ, ಕೇಳೂಣು."

ಬಾರಿಸಿದಳು. ಬುಡದ ತಿರುಪು ತಿರುಗಿಸಿ ಮೂರು ತಂತಿಗಳನ್ನು ಒಂದಿಷ್ಟು ಎತ್ತರಿಸಿಕೊಂಡಳು. ಎಲ್ಲಕ್ಕಿಂತ ದಪ್ಪನೆಯ ತಂತಿ ಮಾತ್ರ ಇನ್ನೂ ಗೊರಗುಟ್ಟುತ್ತಿತ್ತು. "ಇದು ಹಿಂಗ ಇರ್ಲಿ, ನನಗ ಸೇರ್ತೈತಿ. ಛಲೋ ಐತಿಲ್ಲಜ್ಜಾ?"

"ಗೊತ್ತಿಲ್ಲವ್ವ" ಎಂದೆ. ಎಂಬತ್ತು ವರ್ಷಕ್ಕೆ ಆ ಮಾತು ಸಲೀಸಾಗಿ ಬಾಯಿಗೆ ಬಂತು. "ಇನ್ನೊಮ್ಮೆ ಬಾರಿಸು."