ನವಣೆ ವಾಪಸು ತಂದ ಹೆಂಗಸು

ದೆವ್ವ, ಗಾಳಿ, ಸೋಂಕು ಎಂದು ನನ್ನ ಮುಂದೆ ಬಾಯಿ ತೆರೆದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹುಣಸೆಮರದಲ್ಲಿ ಏನೋ ಇದೆಯೆಂದು ಅಳುತ್ತಾ ಬಂದ ಹುಡುಗಿಯರನ್ನು ಅದೇ ಮರದ ಕೆಳಗೆ ಕೂರಿಸಿ ಪಾಠ ಮಾಡಿದ್ದೇನೆ. "ಟೀಚರ್ ಬಾಯಿಗೆ ಹೆದರಿ ದೆವ್ವಗಳೂ ಓಡಿಹೋಗ್ಯಾವ" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಅದರ ಹೆಮ್ಮೆಯಿತ್ತು. ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಆದ್ದರಿಂದ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಅವ್ವನ ಹೆಸರು ತಿಪ್ಪಮ್ಮ. ಅವ್ವನಿಗಿಂತ ಮೊದಲು ಅಜ್ಜಿಗೆ ಹುಟ್ಟಿದ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಹೀಗೆ ಮಕ್ಕಳು ದಕ್ಕದ ಮನೆಯಲ್ಲಿ ನಮ್ಮ ಹಿರಿಯರು ಒಂದು ಉಪಾಯ ಮಾಡುತ್ತಿದ್ದರು. ಹೊಸ ಕೂಸನ್ನು ಊರ ತಿಪ್ಪೆಯ ಮೇಲೆ ಮಲಗಿಸಿ, ಹೆತ್ತವಳು ಬೆನ್ನು ತಿರುಗಿಸಿ ನಿಲ್ಲಬೇಕು, ಹಿಂದೆ ನೋಡಬಾರದು. ಮೊದಲೇ ಮಾತಾಡಿಕೊಂಡ ಬೇರೊಬ್ಬ ಹೆಂಗಸು ಏನೂ ಅರಿಯದವಳ ಹಾಗೆ ಆ ಕೂಸನ್ನು ಎತ್ತಿಕೊಂಡು ಬಂದು, "ಯವ್ವಾ, ತಿಪ್ಪಿಮ್ಯಾಲೆ ಕೂಸು ಸಿಕ್ಕೈತಿ, ಬೇಕೇನು?" ಎಂದು ಕೇಳಬೇಕು. ಹೆತ್ತವಳು ಒಂದು ಮೊರ ಕಾಳು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಳ್ಳಬೇಕು. ಆಗ, ಆ ಮನೆಯ ಮಕ್ಕಳನ್ನು ಒಯ್ಯುವುದು ಯಾವುದಿದೆಯೋ ಅದು, ಇದು ಈ ಮನೆಯ ಕೂಸಲ್ಲ, ಕೊಂಡು ತಂದದ್ದು ಎಂದು ಮೋಸಹೋಗಿ ಮುಂದೆ ಹೋಗುತ್ತದಂತೆ. ತಿಪ್ಪೆಯಿಂದ ಬಂದ ಕೂಸಿಗೆ ತಿಪ್ಪಮ್ಮ ಎಂದೇ ಹೆಸರು.

ಅವ್ವನ ವಿಷಯದಲ್ಲಿ ಮಾತ್ರ ಒಂದು ಎಡವಟ್ಟಾಯಿತು. ಕೂಸನ್ನು ಎತ್ತಬೇಕಾಗಿದ್ದ ನೆರೆಮನೆಯವಳು ಬರುವುದು ತಡವಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ "ಕೂಸು ಬೇಕೇನ್ರಿ?" ಎಂದರು. ಅಜ್ಜಿ ತಿರುಗಿದರೆ ಗುರುತಿಲ್ಲದ ಹೆಂಗಸು. ಮಾತಾಡಿಬಿಟ್ಟರೆ ಶಾಸ್ತ್ರ ಕೆಡುತ್ತದೆ ಎಂದು ಅಜ್ಜಿ ಏನೂ ಕೇಳದೆ ನವಣೆ ತುಂಬಿದ ಮೊರ ಕೊಟ್ಟು, ಅರಿವೆ ಸುತ್ತಿದ್ದ ಕೂಸನ್ನು ಎದೆಗವಚಿಕೊಂಡು ಮನೆಗೆ ಬಂದಳು. ಆ ಹೆಂಗಸನ್ನು ಮತ್ತೆ ಯಾರೂ ನೋಡಲಿಲ್ಲ. ಗುರುತಿಲ್ಲದವರು ಎತ್ತಿದ್ದು ಇನ್ನೂ ಒಳ್ಳೆಯದೇ ಆಯಿತು ಎಂದು ಊರವರು ಅಂದರಂತೆ. ಅವ್ವ ಉಳಿದಳು, ಅವಳ ಹಿಂದೆ ಹುಟ್ಟಿದ ಮೈಲಾರಪ್ಪ ಮಾವನೂ ಉಳಿದ.

ಸಾಯುವ ಮುಂಚೆ ಅಜ್ಜಿ ಅವ್ವನ ಕೈ ಹಿಡಿದು ಒಂದು ಮಾತು ಹೇಳಿದಳು. "ನಾ ತಿಪ್ಪಿಮ್ಯಾಲೆ ಇಟ್ಟ ಕೂಸಿಗೆ ಕಿವಿ ಹಿಂದ ಮಚ್ಚಿ ಇತ್ತವ್ವಾ. ನಿನಗಿಲ್ಲ. ಆದ್ರೂ ನೀ ನನ್ನ ಮಗಳೇ." ಹೇಳದೇ ಹೋಗಿದ್ದರೆ ಅವಳ ಗಂಟೇನು ಹೋಗುತ್ತಿತ್ತು! ಅವ್ವ ಅಂದಿನಿಂದ ಸೊರಗಿದಳು. ಗುಡೇಕೋಟೆಯ ಆಚೆ ಇರುವ ತವರಿಗೆ ಹೋದಾಗ ನಾದಿನಿ ಉಡಿ ತುಂಬಲು ಬಂದರೆ, "ನನಗ್ಯಾಕವ್ವಾ, ನಾ ಯಾರ ಮಗಳೋ" ಎಂದು ಸೆರಗು ಹಿಂದೆಳೆದುಕೊಳ್ಳುತ್ತಿದ್ದಳು. ತಾಯಿಯೊಬ್ಬಳು ತನ್ನ ತವರಿನಲ್ಲೇ ಪರದೇಶಿಯಾಗುವುದನ್ನು ನೋಡುವುದು ಸುಲಭವಲ್ಲ. ನಾನು ಎಷ್ಟು ಅತ್ತಿದ್ದೇನೋ ನನಗೇ ಗೊತ್ತು.

ಡಿಎನ್‌ಎ ಪರೀಕ್ಷೆ ಮಾಡಿಸುವ ಯೋಚನೆ ಬಂದದ್ದು ನನಗೇ. ಪಾಠದಲ್ಲಿ ವರ್ಷವರ್ಷವೂ ಹೇಳುವುದನ್ನು ಮನೆಯಲ್ಲಿ ಉಪಯೋಗಿಸಬಾರದೇಕೆ ಎನ್ನಿಸಿತು. ಅಕ್ಕ-ತಮ್ಮ ಇಬ್ಬರ ಎಂಜಲು ಕಳಿಸಿದರೆ ಒಂದೇ ತಾಯಿಯ ಮಕ್ಕಳೋ ಅಲ್ಲವೋ ತಿಳಿಯುತ್ತದೆ. ಕೊರಿಯರಿನಲ್ಲಿ ಕೊಳವೆಗಳನ್ನು ತರಿಸಿದೆ. ಮಾವ ಮೊದಲು ರೇಗಿದ. "ನನ್ನ ಎತ್ತಿ ಆಡಿಸಿದಾಕಿಗೆ ಪರೀಕ್ಷಿ ಏನಲೇ?" ಎಂದ. ಅವ್ವನ ಮುಖ ನೋಡಿ ಕೊನೆಗೆ ಒಪ್ಪಿದ. ಅರ್ಧ ಗಂಟೆ ಎಲೆ-ಅಡಿಕೆ ಹಾಕಬೇಡ ಎಂದಾಗ, "ಉಗುಳಾಕೂ ಕಾಯಿದೆ ಐತೇನು!" ಎಂದು ಎಲ್ಲರನ್ನೂ ನಗಿಸಿದ. ಅವ್ವ ಮಾತ್ರ ನಗಲಿಲ್ಲ. ದೇವರ ಮುಂದೆ ತೀರ್ಥ ತೆಗೆದುಕೊಳ್ಳುವವಳ ಹಾಗೆ ಎರಡೂ ಕೈಯಲ್ಲಿ ಕೊಳವೆ ಹಿಡಿದಿದ್ದಳು.

ಫಲಿತಾಂಶ ಮೊಬೈಲಿಗೆ ಬಂದದ್ದು ಒಂದು ಭಾನುವಾರ, ತವರಿಗೆ ಹೋಗಿದ್ದ ಅವ್ವನನ್ನು ಕರೆತರಲು ನಾನು ಹೊರಟ ದಿನ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸುವಾಗ ತೆರೆದು ನೋಡಿದೆ. ಇಬ್ಬರೂ ಒಡಹುಟ್ಟಿದವರಲ್ಲ, ರಕ್ತಸಂಬಂಧವೇ ಕಾಣುವುದಿಲ್ಲ ಎಂದಿತ್ತು. ಅಲ್ಲೇ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಯಾರಿಗೂ ಫೋನು ಮಾಡಲಿಲ್ಲ. ಹೇಗೆ ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಸುಳ್ಳು ಹೇಳುವ ಯೋಚನೆ ಆಗ ನನ್ನ ತಲೆಯಲ್ಲಿ ಇರಲಿಲ್ಲ, ಇದನ್ನು ನೀವು ನಂಬಬೇಕು.

ಊರು ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮಾವ ಕುರಿ ಹಿಂದೆ ಹೋಗಿದ್ದ, ಅವನ ಹೆಂಡತಿ, ನನ್ನ ಅತ್ತೆ, ಹೊಲದಲ್ಲಿದ್ದಳು. ಅವ್ವ ಒಬ್ಬಳೇ ಒಳಮನೆಯಲ್ಲಿ ಊಟಕ್ಕೆ ಕುಳಿತಿದ್ದಳು. "ಬಂದ್ಯಾ? ಕೈಕಾಲು ತೊಳಕೊಂಡು ಬಾ, ರೊಟ್ಟಿ ಬಿಸಿ ಅದಾವ" ಎಂದಳು. ನಾನು ಹೊರಗೆ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದೆ. ತಿರುಗಿ ನೋಡಿದರೆ ಹೊಸ್ತಿಲ ಆಚೆ ಒಬ್ಬ ಹೆಂಗಸು ನಿಂತಿದ್ದಳು.

ಮೂವತ್ತರ ಆಸುಪಾಸಿನವಳು, ನನಗಿಂತ ಚಿಕ್ಕವಳು. ಸೆರಗು ತಲೆಯ ಮೇಲಿತ್ತು. ಎರಡೂ ಕೈಯಲ್ಲಿ ಒಂದು ಮೊರ, ಅದರ ತುಂಬ ನವಣೆ. ಮಾರಲು ಬಂದಿರಬೇಕು ಎಂದುಕೊಂಡು ಬೇಡವ್ವಾ ಅಂದೆ.

"ಮಾರಾಕ ಬಂದಿಲ್ರಿ. ನಿಮ್ಮ ಕಾಳು ನಿಮಗ ತಂದೀನಿ" ಎಂದಳು. "ನಿಮ್ಮ ಕೂಸು ನಮ್ಮಲ್ಲಿ ಉಳೀಲಿಲ್ಲ. ನಮ್ಮದು ನಮಗ ಕೊಡ್ರಿ."

ನನಗೆ ಕೂಡಲೇ ಅರ್ಥವಾಗಲಿಲ್ಲ. ತಲೆ ಸರಿಯಿಲ್ಲದವಳು ಪಾಪ, ಎನ್ನಿಸಿತು. "ಇಲ್ಲಿ ಯಾವ ಕೂಸೂ ಇಲ್ಲವ್ವಾ, ಬ್ಯಾರೆ ಮನಿ ನೋಡು" ಅಂದೆ.

"ಐತ್ರಿ. ಒಳಗ ಉಣ್ಣಾಕತ್ತೈತಲ್ಲ."

ಆಗ ಗಮನಿಸಿದೆ, ಅವಳ ಕುಪ್ಪಸ ಎದೆಯ ಹತ್ತಿರ ಎರಡೂ ಕಡೆ ಒದ್ದೆಯಾಗಿತ್ತು. ಹಾಲು. ಹಸಿ ಬಾಣಂತಿಯ ವಾಸನೆ ಹೊಸ್ತಿಲ ಈಚೆಗೂ ಬರುತ್ತಿತ್ತು. ಮಕ್ಕಳನ್ನು ಹೆತ್ತವಳಿಗೆ ಆ ವಾಸನೆ ಮರೆಯುವಂಥದ್ದಲ್ಲ.

"ನಿಮಗೂ ಇವತ್ತು ಗೊತ್ತಾಗೈತಲ್ರಿ, ಮತ್ಯಾಕ ಇಲ್ಲಂತೀರಿ?" ಎಂದಳು. ದನಿಯಲ್ಲಿ ಜಗಳವಿರಲಿಲ್ಲ. ಬಹಳ ದೂರ ನಡೆದು ದಣಿದವರ ದನಿ. ಮೊರವನ್ನು ಹೊಸ್ತಿಲ ಮೇಲೆ ಇಡಲು ಬಗ್ಗಿದಳು.

ಒಳಗಿನಿಂದ ಅವ್ವ ಕೂಗಿದಳು: "ಯಾರವ್ವಾ ಬಂದೋರು? ತಡಿ, ನಾನೇ ಬಂದೆ." ತಾಟು ಸರಿಸಿ ಏಳುವ ಸದ್ದಾಯಿತು.

ಆ ಕ್ಷಣ ನನಗೆ ಏನು ಖಚಿತವಾಯಿತೆಂದರೆ, ಮೊರ ಹೊಸ್ತಿಲು ಮುಟ್ಟಬಾರದು, ಅವ್ವ ಹೊರಗೆ ಬರಬಾರದು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತೆ.

"ಇಟ್ಟೀಯ ಮತ್ತ!" ಎಂದು ಅವ್ವನಿಗೆ ಕೇಳಿಸದ ಹಾಗೆ ಗದರಿದೆ. "ಅಕಿ ಈ ಮನಿ ಮಗಳು. ನಮ್ಮಜ್ಜಿ ಹಡದ ಮಗಳು. ಪರೀಕ್ಷಿ ಮಾಡಿಸೀವಿ, ಇವತ್ತು ಬಂದೈತಿ. ಮಾವನ ರಕ್ತ, ಅಕಿ ರಕ್ತ ಒಂದೇ ಐತಿ."

ಹೆಂಗಸು ಬಗ್ಗಿದವಳು ಹಾಗೆಯೇ ನಿಂತಳು. ನನ್ನ ಮುಖವನ್ನೇ ನೋಡಿದಳು. "ಖರೇನಾ?" ಎಂದಳು.

"ಖರೇ."

ಮೊರ ವಾಲಿತು, ಒಂದಿಷ್ಟು ನವಣೆ ಹೊಸ್ತಿಲ ಒಳಕ್ಕೆ ಚೆಲ್ಲಿತು. "ಹಂಗಾರ ಸತ್ತದ್ದು ನಂದಾ?" ಎಂದಳು.

ನಾನು ಹೂಂ ಎಂದೆ. ಅವಳು ಮೊರವನ್ನು ಎದೆಗವಚಿಕೊಂಡು, ಕೂಸು ಕಳೆದುಕೊಂಡವರು ಅಳುವ ಹಾಗೆ ಅಳುತ್ತಾ ಹೊರಟಳು. ಮೊದಲು ಊರ ತಿಪ್ಪೆಯಿದ್ದ ಜಾಗದಲ್ಲಿ ಈಗ ಅಂಗನವಾಡಿ ಕಟ್ಟಿದ್ದಾರೆ. ಅದರ ಗೋಡೆಯ ಹಿಂದೆ ತಿರುಗಿದಳು. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಅವ್ವ ಹೊರಗೆ ಬರುವಷ್ಟರಲ್ಲಿ ನಾನು ಮೊಣಕಾಲೂರಿ ಹೊಸ್ತಿಲ ಒಳಗೆ ಬಿದ್ದಿದ್ದ ನವಣೆಯನ್ನು ಒಂದೊಂದೇ ಕಾಳು ಆರಿಸಿ ಬೀದಿಗೆ ಎಸೆಯುತ್ತಿದ್ದೆ. ಕೊಟ್ಟ ಕಾಳು ಮನೆಯೊಳಗೆ ಉಳಿದರೆ ವ್ಯಾಪಾರ ಆದಂತೆಯೇ ಅಲ್ಲವೇ? ವಿಜ್ಞಾನದ ಟೀಚರಿಗೆ ಆಗ ಹೊಳೆದ ತರ್ಕ ಇದು. ಹೊಸ್ತಿಲ ಸಂದಿಯಲ್ಲಿ ಒಂದು ಕಾಳಾದರೂ ಉಳಿದಿರಬಹುದೆಂಬ ಭಯ ಇನ್ನೂ ಬಿಟ್ಟಿಲ್ಲ. ಅವ್ವನಿಗೆ ಸಣ್ಣ ಜ್ವರ ಬಂದರೂ ನನ್ನ ಜೀವ ಬಾಯಿಗೆ ಬರುತ್ತದೆ.

ನಾನೂ ಸುಮ್ಮನೆ ಕುಳಿತಿಲ್ಲ. ಕೂಸು ಕಳೆದುಕೊಂಡು ಮನಸ್ಸು ಕೆಟ್ಟ ಬಾಣಂತಿ ಇರಬಹುದು, ಅಜ್ಜಿಯ ಕಥೆಯನ್ನು ಊರಲ್ಲಿ ಯಾರಿಂದಲೋ ಕೇಳಿರಬಹುದು. ಮಾವ ಸುತ್ತಲಿನ ಹಳ್ಳಿಗಳಲ್ಲಿ, ಕುರಿ ಹಟ್ಟಿಗಳಲ್ಲಿ ವಿಚಾರಿಸಿದ. ಅಂಥವಳು ಯಾರೂ ಇಲ್ಲ. ಇದ್ದಾಳೆಂದೇ ಇಟ್ಟುಕೊಳ್ಳಿ, ಫಲಿತಾಂಶ ಅವತ್ತೇ ನನಗೆ ಗೊತ್ತಾದದ್ದನ್ನು ಅವಳಿಗೆ ಹೇಳಿದವರು ಯಾರು? ಪರೀಕ್ಷೆಯೇ ತಪ್ಪಿರಬಹುದು, ಇನ್ನೊಮ್ಮೆ ಮಾಡಿಸಬಹುದು. ಮಾಡಿಸುವುದಿಲ್ಲ. ಮೊಬೈಲಿನಲ್ಲಿದ್ದದ್ದನ್ನೂ ಅಳಿಸಿಹಾಕಿದ್ದೇನೆ.

ಅವ್ವನಿಗೂ ಮಾವನಿಗೂ ಅವತ್ತು ಸಂಜೆ ಅದೇ ಮಾತು ಹೇಳಿದೆ, ಇಬ್ಬರದೂ ಒಂದೇ ರಕ್ತ ಎಂದು. ಮಾವ "ನಾ ಹೇಳಿದ್ದಿಲ್ಲೇನು!" ಎಂದು ತೊಡೆ ತಟ್ಟಿದ. ಅವ್ವ ತವರಿನ ಗೋಡೆಗೆ ಕೆನ್ನೆ ಹಚ್ಚಿ ಅತ್ತಳು. ಅತ್ತೆ ಉಡಿ ತುಂಬಿದಳು. ಅವ್ವ ಸೆರಗು ಚಾಚಿ ತುಂಬಿಸಿಕೊಂಡಳು. ಈಗ ಅವಳು ಹೊಟ್ಟೆ ತುಂಬ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ.

ಆದರೆ ಬಾಗಿಲ ಆಚೆಯ ಅಳು ಅವಳಿಗೆ ಕೇಳಿಸಿತ್ತು; ಯಾರೆಂದು ಕೇಳಿದಾಗ, ಕೂಸು ಸತ್ತ ಯಾರೋ ಬಾಣಂತಿ ಎಂದಷ್ಟೇ ಹೇಳಿದ್ದೆ. ಈಗಲೂ ರೊಟ್ಟಿ ಮುರಿಯುತ್ತಾ ಒಮ್ಮೊಮ್ಮೆ ಕೈ ನಿಲ್ಲಿಸಿ ನನ್ನನ್ನು ಬೈಯುತ್ತಾಳೆ: "ಅಲ್ಲವ್ವಾ, ಕೂಸು ಸತ್ತ ಹೆಣ್ಣುಮಗಳನ್ನ ಹಂಗ ಬಾಗಿಲಾಗ ನಿಲ್ಲಿಸಿ ಕಳಿಸ್ತಾರೇನು? ಒಳಗ ಕರೀಬೇಕಿತ್ತು. ನನ್ನ ಕೈಯಾರೆ ಒಂದು ತುತ್ತು ಉಣ್ಣಿಸ್ತಿದ್ದೆ."