ಹುತ್ತಕ್ಕೂ ಮನೆಗೂ ನಡುವೆ ಅಣ್ಣಮ್ಮ

ನಾನು ಮೇಜು ಕೊಂಡದ್ದು ಷಾರ್ಟ್‌ಹ್ಯಾಂಡ್ ಕಲಿಯುವುದಕ್ಕೆ. ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದು ನನ್ನ ಕೆಲಸ. ಒಂದು ಮೇಜಿದ್ದರೆ ಗುಮಾಸ್ತನಾಗುವ ದಾರಿ ಅರ್ಧ ಸವೆದಂತೆ ಎಂದು ನಂಬಿದ್ದೆ. ಹೆಗ್ಗನಹಳ್ಳಿಯ ಮುನಿವೆಂಕಟಪ್ಪನವರ ಹಳೇ ತೊಟ್ಟಿಮನೆಯಲ್ಲಿ ನನ್ನದೊಂದು ಬಾಡಿಗೆ ಕೋಣೆ. ಅಲ್ಲಿ ಮೇಜನ್ನು ಗೋಡೆಗೆ ಒತ್ತಿ ಇಟ್ಟೆ. ಅದರ ಮೇಲೆ ಪುಸ್ತಕ, ಪುಸ್ತಕದ ಮೇಲೆ ಅಂಗಿ, ಅಂಗಿಯ ಮೇಲೆ ಟವೆಲು. ಮೂರು ತಿಂಗಳು ಹಾಗೇ ಹೋಯಿತು.

ನಯಾಪೈಸೆ ಬಂದ ವರ್ಷ ಅದು. ದೀಪಾವಳಿ ಕಳೆದ ಭಾನುವಾರ, ಇವತ್ತು ಕಲಿತೇಬಿಡುವುದೆಂದು ಮೇಜಿನ ಮೇಲೆ ಮೊಣಕೈ ಊರಿದೆ. ಹಿಂದಿನ ಕಾಲು ಸದ್ದಿಲ್ಲದೆ ಕುಸಿಯಿತು. ನಾನೂ ಪುಸ್ತಕವೂ ಒಟ್ಟಿಗೆ ನೆಲ ಸೇರಿದೆವು. ಕಾಲಿನ ಹೊರಗೆ ವಾರ್ನಿಷ್ ಹೊಳೆಯುತ್ತಿತ್ತು, ಒಳಗೆ ಬರೀ ಮಣ್ಣು. ಗೆದ್ದಲು! ನಾನು ಓದಲು ಕೂರುವವನಲ್ಲ ಎಂಬುದು ನನಗಿಂತ ಮೊದಲು ಅವಕ್ಕೆ ಗೊತ್ತಾಗಿತ್ತು.

ಮರ್ಯಾದೆ ಹೋದವನು ಸುಮ್ಮನಿರಬೇಕಿತ್ತು. ನಾನು ಮಾಗಡಿ ರಸ್ತೆಯಲ್ಲಿದ್ದ ಮುನಿವೆಂಕಟಪ್ಪನವರ ಬೂಸಾ ಅಂಗಡಿಗೆ ಹೋಗಿ ದೂರು ಹೇಳಿದೆ. ಅವರು ಬಂದು ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ತೊಟ್ಟಿಯ ಮೂಲೆಯ ಕಂಬಕ್ಕೆ ಚಾಕು ಚುಚ್ಚಿದರು. ಅದು ಹಿಡಿಯವರೆಗೂ ಇಳಿಯಿತು. ಆ ಕಂಬದ ಮೇಲೆ ಮನೆಯ ಕಾಲುಭಾಗ ಮಾಡು ನಿಂತಿತ್ತು.

"ಇದೆಲ್ಲ ಹಿತ್ತಲ ಹುತ್ತದ್ದೇ ಕೆಲಸ. ಊರೋರು ಯಾರೂ ಅದಕ್ಕೆ ಹಾರೆ ಹಾಕಲ್ಲ. ಕಲ್ಲು ಒಡಿಯೋರನ್ನ ಹೊರಗಿಂದ ಕರೆಸ್ತೀನಿ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ಅವರ ಸೋದರತ್ತೆ ಅಣ್ಣಮ್ಮ ನಿಂತಿದ್ದರು. ಅವರಿಗೆ ಅರವತ್ತು ದಾಟಿತ್ತು. ಬ್ಯಾಡರಹಳ್ಳಿಗೆ ಮದುವೆಯಾಗಿ ಹೋಗಿದ್ದವರು, ಊರೂರೇ ಜ್ವರದಲ್ಲಿ ಮಲಗಿದ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದರು. ಅಂದಿನಿಂದ ಮನೆಯ ಶುಭಕಾರ್ಯಗಳಲ್ಲೆಲ್ಲ ಅವರ ಜಾಗ ಒಲೆಯ ಮುಂದೆ. ಯಾರನ್ನೂ ಕೇಳದೆ ತಾವೇ ಹೋಗಿ ಅರಿಶಿನ ಕುಂಕುಮ ಏರಿಸಬಹುದಾಗಿದ್ದ ದೇವರು ಒಂದೇ, ಬೇವಿನ ಬುಡದ ಆ ಹುತ್ತ. ನಲವತ್ತು ವರ್ಷ ಅದಕ್ಕೆ ಹಾಲೆರೆದಿದ್ದರು. ನನ್ನ ಮೇಜಿನ ಕಾಲು ಅದನ್ನೇ ಎಳೆದು ಕೆಡವಲು ಹೊರಟಿತ್ತು.

ಅವರು ಅಳಲಿಲ್ಲ. "ಹುತ್ತ ಒಡೆದ್ರೆ ಗೆದ್ದಲು ಸಾಯಲ್ಲ ಕಣೋ ಮುನಿಯ. ಇದ್ದ ಮನೆ ಹೋದ್ರೆ ನಿನ್ನ ಮನೆಗೇ ಸಂಸಾರ ತರ್ತವೆ."

"ಮತ್ತೆ ಮಾಡು ನನ್ನ ತಲೆ ಮೇಲೆ ಬೀಳ್ಲಿ ಅಂತೀಯಾ, ಅತ್ತೆ?"

"ಕಾರ್ತೀಕದ ಅಮಾಸೆಗಂಟ ಬಿಡು. ಅವತ್ತೂ ಕಂಬದಲ್ಲಿ ಹುಳ ಇದ್ರೆ, ನಾನೇ ಹಾರೆ ತಂದು ಕೊಡ್ತೀನಿ."

ಮುನಿವೆಂಕಟಪ್ಪನವರು ಒಪ್ಪಿದರು. ಹೋಗುವಾಗ ನನ್ನ ಕಡೆ ತಿರುಗಿ, "ದೂರು ಕೊಟ್ಟೋನು ನೀನಲ್ವೇನಯ್ಯ, ನೀನೇ ಸಾಕ್ಷಿ. ದಿನಾ ನೋಡ್ತಿರು" ಎಂದರು.

ಮರುದಿನ ಬೆಳಿಗ್ಗೆ ಅಣ್ಣಮ್ಮ ನನ್ನನ್ನು ಕಂಬದ ಹತ್ತಿರ ಕರೆದರು. "ಕಿವಿ ಇಡು."

ಇಟ್ಟೆ. ಏನೂ ಇಲ್ಲ ಎನ್ನುವಷ್ಟರಲ್ಲಿ, ಎಲ್ಲೋ ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವಂಥ ಸದ್ದು ಕೇಳಿಸಿತು. ಅವರು ಬೆರಳ ಗೆಣ್ಣಿನಿಂದ ಕಂಬಕ್ಕೆ ಒಮ್ಮೆ ಬಡಿದರು. ಕೇರುವುದು ನಿಂತಿತು. ಮರುಕ್ಷಣ ಕಂಬದ ಒಳಗೆಲ್ಲ ಒಟ್ಟಿಗೆ 'ಚರ್ರ್' ಎಂದಿತು. ನಾನು ಥಟ್ಟನೆ ಕಿವಿ ತೆಗೆದೆ.

"ಬೈತಾ ಅವೆ ನಮ್ಮನ್ನ" ಎಂದು ನಕ್ಕರು.

ಗೋಡೆಯ ಮೇಲೆ, ಕಂಬದ ಮೇಲೆ, ಗೆದ್ದಲು ಮಣ್ಣಿನಿಂದ ಕಟ್ಟಿಕೊಂಡ ಹನ್ನೊಂದು ಸಣ್ಣ ಕೊಳವೆಗಳು ಹರಿದಿದ್ದವು. ಅವುಗಳ ದಾರಿ ಅದೇ. ಅಣ್ಣಮ್ಮ ಪ್ರತಿಯೊಂದರಲ್ಲೂ ಉಗುರಗಲ ಮಣ್ಣು ಕೆರೆದು, ಪಕ್ಕದಲ್ಲಿ ಸುಣ್ಣದ ಬೊಟ್ಟಿಟ್ಟರು. "ಸಂಜೆ ಬಂದು ನೋಡು. ಬಾಯಿ ಮುಚ್ಚಿದ್ರೆ ಆ ದಾರೀಲಿ ಓಡಾಟ ಐತೆ. ತೆರೆದಂಗೇ ಇದ್ರೆ ದಾರಿ ಸತ್ತದೆ."

ಸಂಜೆ ಕಾರ್ಖಾನೆಯಿಂದ ಬಂದು ನೋಡಿದರೆ ಹನ್ನೊಂದೂ ಮುಚ್ಚಿದ್ದವು, ತೇವ ಆರದ ಹೊಸ ಮಣ್ಣಿನಲ್ಲಿ. ನಾವು ಇಪ್ಪತ್ತು ಜನ ಇಡೀ ದಿನ ಮೊಳೆ ಹೊಡೆದರೂ ಮೂರು ಪೆಟ್ಟಿಗೆ ಬಿರುಕು ಬಿಟ್ಟಿವೆಯೆಂದು ವಾಪಸು ಬಂದ ದಿನವದು. ಕಣ್ಣಿಲ್ಲದ ಆ ಹುಳುಗಳ ಗಾರೆಕೆಲಸದಲ್ಲಿ ಒಂದು ಬಿರುಕಿರಲಿಲ್ಲ.

ಹಿತ್ತಲಲ್ಲಿ ಅಣ್ಣಮ್ಮ ಬೇರೆಯದೇ ಕೆಲಸ ಹೂಡಿದ್ದರು. ಹುತ್ತದ ಆಚೆ, ಬೇಲಿಯ ಕಡೆ, ಹಳೇ ಮಡಕೆಗಳಿಗೆ ರಾಗಿಹುಲ್ಲು, ಒಣಸಗಣಿ, ಕಬ್ಬಿನ ಸಿಪ್ಪೆ ತುಂಬಿ, ಅಕ್ಕಿ ತೊಳೆದ ನೀರು ಚಿಮುಕಿಸಿ ಬೋರಲು ಹಾಕಿದ್ದರು. ನಾಲ್ಕನೇ ದಿನ ಒಂದನ್ನು ಎತ್ತಿ ತೋರಿಸಿದರು. ಹುಲ್ಲು ಕಾಣಲೇ ಇಲ್ಲ. ಗಂಜಿ ಕುದಿಯುವಂತೆ ಬೆಳ್ಳಗೆ ಮಿಸುಕಾಡುತ್ತಿತ್ತು. ಒಂದು ಹಿಡಿ ತೆಗೆದು ಕೋಳಿಗಳಿಗೆ ಎಸೆದರು.

"ಅಜ್ಜಿ, ಪೂಜೆನೂ ಮಾಡ್ತೀರಿ, ಕೋಳಿಗೂ ಹಾಕ್ತೀರಾ?"

"ಪೂಜೆ ಒಳಗಿರೋ ನಾಗಪ್ಪಂಗೆ. ಇವು ಕೂಲಿ ಹುಳ, ನಿನ್ನಂಗೆ. ಹೊತ್ತಿಗೆ ಹೊಟ್ಟೆಗೆ ಸಿಕ್ಕಿದ ಕಡೆ ಕೆಲಸ ಮಾಡ್ತವೆ."

"ಇದನ್ನೆಲ್ಲ ಯಾರು ಹೇಳಿಕೊಟ್ರು?"

"ಯಾರು ಹೇಳ್ತಾರೆ? ಹೊಲದಲ್ಲಿ ಸಗಣಿ ಬಿದ್ದ ಕಡೆ ಪೈರು ಬಿಟ್ಟು ಸಗಣಿಗೇ ಮುತ್ತೋವು. ನನ್ನ ಜೊತೆ ಮಾತಾಡೋರು ಯಾರಿದ್ರು? ಕೂತ್ಕೊಂಡು ನೋಡ್ದೆ."

ಎಷ್ಟು ವರ್ಷ ನೋಡಿದರೋ ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ದಾರಿಗಳನ್ನು ಕೆರೆಯುವರು, ಕಂಬದ ತೂತುಗಳಿಗೂ ಬುಡಕ್ಕೂ ಕಾಸಿದ ಹೊಂಗೆ ಎಣ್ಣೆ ಕುಡಿಸುವರು, ಮಡಕೆಗಳನ್ನು ಬೇಲಿಯ ಕಡೆ ಗೇಣುಗೇಣೇ ಸರಿಸುವರು. ಸುಣ್ಣದ ಬೊಟ್ಟುಗಳ ಪಕ್ಕ ಒಂದೊಂದೇ ಬಾಯಿ ತೆರೆದೇ ಉಳಿಯತೊಡಗಿತು. ಅಕ್ಷರ ಬಾರದ ಆ ಹೆಂಗಸು ಗೋಡೆಯನ್ನು ಓದುತ್ತಿದ್ದ ವೇಗಕ್ಕೆ ನನ್ನ ಷಾರ್ಟ್‌ಹ್ಯಾಂಡ್ ಪುಸ್ತಕ ನಾಚಬೇಕಿತ್ತು.

ಅಮಾವಾಸ್ಯೆಗೆ ಐದು ದಿನ ಉಳಿದಾಗ ಹತ್ತು ದಾರಿ ಸತ್ತಿದ್ದವು. ಹನ್ನೊಂದನೆಯದು ಮಾತ್ರ ಪ್ರತಿ ಸಂಜೆಯೂ ಮುಚ್ಚಿರುತ್ತಿತ್ತು. ಅಣ್ಣಮ್ಮನ ಮುಖ ಮೊದಲ ಸಲ ಸಣ್ಣಗಾಯಿತು. ಗೋಡೆಯ ಮೇಲೆ ಬೆರಳಿಟ್ಟು ಆ ದಾರಿಯ ಹಿಂದೆಯೇ ಹೋದರು. ಕಂಬದಿಂದ ಗೋಡೆ, ಗೋಡೆಯಿಂದ ನನ್ನ ಹೊಸಿಲು, ಅಲ್ಲಿಂದ ನನ್ನ ಮಂಚದ ಕೆಳಗೆ. ಅಲ್ಲಿ ಮುರಿದ ಮೇಜಿತ್ತು. ಎಸೆಯಲು ಸೋಮಾರಿತನವಾಗಿ ನಾನೇ ತುರುಕಿದ್ದೆ.

"ಥೂ ನಿನ್ನ! ನಾನು ಹಿತ್ತಲಲ್ಲಿ ಎಡೆ ಇಟ್ರೆ ನೀನು ಒಳಗೆ ಹೋಟ್ಲು ಇಟ್ಟಿದೀಯಲ್ಲೋ!"

ಮೇಜನ್ನು ಹೊತ್ತು ಬೇಲಿಯಾಚೆ ಹಾಕಿ ಬೆಂಕಿ ಕೊಟ್ಟೆ. ಕೋಣೆಯ ನೆಲವನ್ನೆಲ್ಲ ಕೆರೆದು ಅವರು ಹೇಳಿದಲ್ಲೆಲ್ಲ ಎಣ್ಣೆ ಸುರಿದೆ. ಆ ಐದು ದಿನ ಹಾಸಿಗೆಯಿಂದ ಎದ್ದವನು ಮುಖ ತೊಳೆಯುವ ಮೊದಲು ಗೋಡೆ ನೋಡುತ್ತಿದ್ದೆ.

ಅಮಾವಾಸ್ಯೆಯ ದಿನ ಕಾರ್ಖಾನೆಗೆ ಹೊಟ್ಟೆನೋವೆಂದು ಹೇಳಿಕಳಿಸಿದೆ. ಹೇಳಿಕಳಿಸಿದ್ದು ಅಣ್ಣಮ್ಮನ ಕಿವಿಗೂ ಬಿತ್ತು. ಮುನಿವೆಂಕಟಪ್ಪನವರು ಹಾರೆ ಹಿಡಿದ ಇಬ್ಬರೊಂದಿಗೆ ಬಂದರು. ಅಣ್ಣಮ್ಮ ಹುತ್ತದ ಪಕ್ಕದಲ್ಲಿ, ಅದಕ್ಕೆ ಬೆನ್ನು ಮಾಡಿ ನಿಂತಿದ್ದರು.

ಮುನಿವೆಂಕಟಪ್ಪನವರು ಬೊಟ್ಟಿನಿಂದ ಬೊಟ್ಟಿಗೆ ಹೋದರು. ಹನ್ನೊಂದು ಬಾಯಿಗಳೂ ತೆರೆದಿದ್ದವು. ಕೊಳವೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಣಮಣ್ಣು ಪುಡಿಯಾಗಿ ಉದುರಿತು, ಹುಳವಿಲ್ಲ. ಕಂಬಕ್ಕೆ ಬಡಿದು ಕಿವಿಯಿಟ್ಟರು. ಬಹಳ ಹೊತ್ತು ಇಟ್ಟೇ ಇದ್ದರು. ನಾನು ಇನ್ನೊಂದು ಕಡೆಯಿಂದ ಕಿವಿಗೊಟ್ಟೆ. ಅಕ್ಕಿ ಕೇರುವ ಸದ್ದು ಇರಲಿಲ್ಲ.

ಹಾರೆಯವರಿಗೆ ತಾಳ್ಮೆ ಕೆಟ್ಟಿತು. "ಎಲ್ಲಿ ಅಗೀಬೇಕು ಯಜಮಾನ್ರೇ?"

ಅವರು ತಲೆಯೆತ್ತಿ ಹಿತ್ತಲ ಕಡೆ ನೋಡಿದರು. ಬೂಸಾ ಅಂಗಡಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಮನುಷ್ಯ ಮೆಲ್ಲಗೆ, "ನೀನೇ ಹೇಳು ಅತ್ತೆ, ಎಲ್ಲಿ ಅಗೀಬೇಕು?" ಎಂದರು.

ಅಣ್ಣಮ್ಮ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು. ಆಮೇಲೆ ಹುತ್ತಕ್ಕೂ ಗೋಡೆಗೂ ನಡುವೆ ಈ ತುದಿಯಿಂದ ಆ ತುದಿಯವರೆಗೆ ಕಾಲ ಹೆಬ್ಬೆರಳಿನಿಂದ ನೆಲದ ಮೇಲೆ ಗೀಟು ಎಳೆಯುತ್ತಾ ನಡೆದರು.

"ಇಲ್ಲಿ. ಎದೆಯಾಳ ತೋಡಿ ಜಲ್ಲಿ ತುಂಬಿ, ಹುಳ ಈ ಕಡೆ ದಾಟಬಾರದು. ಮುನಿಯ, ಆ ಕಂಬ ಬಿಚ್ಚಿಸಿ ಕಲ್ಲುಕಂಬ ನಿಲ್ಲಿಸು, ಮಳೆಗಾಲದ ಒಳಗೆ."

"ಆಗ್ಲಿ ಅತ್ತೆ."

"ಲೋ ಹೊಟ್ಟೆನೋವು, ಬುಟ್ಟಿ ತಗೊಂಡು ಬಾ. ಮಣ್ಣು ಹೊರೋರು ಬೇಕು."

ಸಂಜೆಯವರೆಗೂ ಹೊತ್ತೆ.