ಆಯಿಷಕ್ಕ ಓದಿದ ಚಾಕೊಲೇಟ್

ಸ್ನೇಹಿತರೇ, ದುಬೈಯಲ್ಲಿ ಡ್ರೈವರ್ ಆಗಿರುವ ಅಣ್ಣ ಕಳಿಸಿದ ಚಾಕೊಲೇಟ್ ಡಬ್ಬಿ ಇವತ್ತು ಉದ್ಯಾವರದ ನಮ್ಮ ಮನೆಗೆ ಬಂತು. ಅದರ ಮೇಲೆ ಇದ್ದದ್ದೆಲ್ಲ ಅರಬಿ ಅಕ್ಷರ. ನನ್ನ ಮಗಳು ಸಾನ್ವಿಗೆ ನೆಲಗಡಲೆಯ ಒಂದು ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದೆ. ಅಣ್ಣನಿಗೆ ಫೋನ್ ಮಾಡಿದೆ.

"ನನಗೆ ಅರಬಿ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ" ಎಂದ.

ಪಕ್ಕದ ಮನೆಯ ಆಯಿಷಕ್ಕನನ್ನು ಕರೆದೆ. "ಕುರಾನ್ ಓದಿ ನನಗೆ ಓದ್ಲಿಕ್ಕೆ ಬರ್ತದೆ, ಅರ್ಥ ಗೊತ್ತಿಲ್ಲ ಮಾರಾಯ್ತಿ" ಎಂದರು.

ಕೊನೆಗೆ ಅವರು ಜಗಲಿಯಲ್ಲಿ ಕುಳಿತು, ಫೋನಿನಲ್ಲಿದ್ದ ಅಣ್ಣನಿಗೆ ಒಂದೊಂದೇ ಪದವನ್ನು ಎಳೆದು ಎಳೆದು ಓದಿ ಹೇಳತೊಡಗಿದರು. ಸಂಜೆಯ ಬಿಸಿಲು ಅಂಗಳದಲ್ಲಿ ಕರಗುತ್ತಿತ್ತು. ಸಕ್ಕರೆ, ಹಾಲಿನ ಪುಡಿಗಳೆಲ್ಲ ದೂರದ ಊರುಗಳ ಹೆಸರಿನಂತೆ ಕೇಳಿಸುತ್ತಿದ್ದವು. ಸಾನ್ವಿ ಅವರ ತೊಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

"ಫೂಲ್ ಸೂದಾನಿ" ಎಂದು ಆಯಿಷಕ್ಕ ಓದಿದ್ದೇ ತಡ, ಅಣ್ಣ ಕೂಗಿದ: "ನಿಲ್ಲಿಸಿ! ಅದೇ ನೆಲಗಡಲೆ!"

ಡಬ್ಬಿ ತೆರೆಯುವ ಯೋಚನೆ ಬಿಟ್ಟೆ. ಮಗಳು ಇನ್ನೇನು ಅಳುತ್ತಾಳೆ ಎಂದುಕೊಂಡರೆ, ಅವಳು ಕಣ್ಣನ್ನೂ ತೆರೆಯದೆ, "ಉಳಿದದ್ದನ್ನೂ ಓದಿ ಆಯಿಷಮ್ಮ, ಚಂದ ಉಂಟು" ಎಂದಳು.

ಚಾಕೊಲೇಟ್ ಆಯಿಷಕ್ಕನ ಮೊಮ್ಮಕ್ಕಳ ಪಾಲಾಯಿತು. ಲೇಬಲ್ ಮಾತ್ರ ಪೂರ್ತಿಯಾಗಿ ನನ್ನ ಮಗಳಿಗೇ ಸಿಕ್ಕಿತು.